ಕಡ ತಂದ ಬಣ್ಣ

ಅಲಂಕಾರದ ಮೀನುಗಳನ್ನು ಮಾರುವ ಅಂಗಡಿಯ ಮುಂದೆ ಸಂಜೆಯ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಗಾಜಿನ ತೊಟ್ಟಿಗಳಲ್ಲಿ ದೀಪ ಹತ್ತಿರುತ್ತದೆ. ಹಸುರು ಗಿಡಗಳ ನಡುವೆ ಕೆಂಪು, ನೀಲಿ, ಕಿತ್ತಳೆ, ಹಳದಿಯ ಚೂರುಗಳು ಓಡಾಡುತ್ತಿರುತ್ತವೆ. ಮಕ್ಕಳು ಗಾಜಿಗೆ ಮೂಗು ತಾಗಿಸಿ ನಿಂತಿರುತ್ತಾರೆ. ಕೊಳ್ಳಲು ಬಂದವರ ಬೆರಳು ಮಾತ್ರ ಯಾವಾಗಲೂ ಎಲ್ಲಕ್ಕಿಂತ ಹೆಚ್ಚು ಬಣ್ಣವುಳ್ಳ ಮೀನಿನ ಕಡೆಗೇ ಚಾಚುತ್ತದೆ. ಊಟದ ಮೀನಿಗೆ ತೂಕದ ಮೇಲೆ ಬೆಲೆ. ನೋಟದ ಮೀನಿಗೆ ಬಣ್ಣದ ಮೇಲೆ ಬೆಲೆ.

ಬೆಲೆಯು ಬಣ್ಣವನ್ನು ಅವಲಂಬಿಸಿದ ಮೇಲೆ, ಬಣ್ಣವನ್ನು ಹೆಚ್ಚಿಸುವ ಆಸೆ ಮೀನು ಸಾಕುವವನಲ್ಲಿ ಹುಟ್ಟುವುದು ಸಹಜ. ಒಳ್ಳೆಯ ತಳಿಯನ್ನು ಆರಿಸಿ ಹಲವು ತಲೆಮಾರು ಬೆಳೆಸುವುದು ಒಂದು ದಾರಿ. ತಕ್ಕ ಆಹಾರವನ್ನೂ ಶುದ್ಧವಾದ ನೀರನ್ನೂ ಕೊಟ್ಟು ಕಾಯುವುದು ಎರಡನೆಯ ದಾರಿ. ಎರಡೂ ನಿಧಾನದ ದಾರಿಗಳು. ಬೂದುಬಣ್ಣದ ಮರಿಗೆ ಕೆಲವೇ ವಾರಗಳಲ್ಲಿ ರಾಜಕುಮಾರನ ಉಡುಪನ್ನು ತೊಡಿಸುವ ಮೂರನೆಯ ದಾರಿಯೊಂದುಂಟು. ಅದು ಹಾರ್ಮೋನಿನ ದಾರಿ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಹಿರಿಯರ ಮಾತು ಈ ತೊಟ್ಟಿಗಳ ಮುಂದೆ ನಿಂತವರಿಗೂ ಸಲ್ಲುತ್ತದೆ. ಹಾಗೆ ಬಂದ ಬಣ್ಣದ ಮೂಲ ಯಾವುದು, ಅದರ ನಿಜವಾದ ಬೆಲೆಯನ್ನು ತೆರುವವರು ಯಾರು ಎಂಬುದು ವಿಚಾರಮಾಡತಕ್ಕ ವಿಷಯ.

ಗಂಡಿಗೆ ಬಣ್ಣ, ಹೆಣ್ಣಿಗೆ ಬೂದಿ

ತೊಟ್ಟಿಯ ಮೀನುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಗಪ್ಪಿ. ಇದು ದಕ್ಷಿಣ ಅಮೆರಿಕದ ಉತ್ತರ ಭಾಗದ್ದು. 1859ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್ ವೆನಿಜುವೆಲಾದಿಂದ ಬಂದ ಮೀನುಗಳನ್ನು ಪರೀಕ್ಷಿಸಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. 1866ರಲ್ಲಿ ಟ್ರಿನಿಡಾಡ್ ದ್ವೀಪದ ರಾಬರ್ಟ್ ಜಾನ್ ಲೆಕ್ಮಿಯರ್ ಗಪ್ಪಿ ಎಂಬವನು ಇದೇ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿಕೊಟ್ಟನು. ಶಾಸ್ತ್ರೀಯ ಹೆಸರು ಶಾಸ್ತ್ರಜ್ಞರ ಬಳಿ ಉಳಿಯಿತು. ಕಳುಹಿಸಿದವನ ಮನೆತನದ ಹೆಸರು ಲೋಕದ ಬಾಯಲ್ಲಿ ನಿಂತಿತು.

ನಮ್ಮ ನಾಡಿಗೆ ಗಪ್ಪಿಯು ಬರಿಯ ಆಟದ ಮೀನಲ್ಲ. ಸೊಳ್ಳೆಯ ಮರಿಗಳನ್ನು ತಿಂದುಹಾಕುವ ಗುಣದಿಂದಾಗಿ ಇದನ್ನು ಮಲೇರಿಯಾ ನಿವಾರಣೆಗೂ ದುಡಿಸಿಕೊಂಡಿದ್ದಾರೆ. 1990ರ ದಶಕದಲ್ಲಿ ಕೋಲಾರ, ಹಾಸನ ಮುಂತಾದ ಕಡೆ ಬಾವಿಗಳಿಗೂ ಕೆರೆಗಳಿಗೂ ಗಪ್ಪಿಯನ್ನೂ ಅದರ ಬಳಗದ ಗ್ಯಾಂಬೂಸಿಯಾವನ್ನೂ ಬಿಟ್ಟು, ಔಷಧಿ ಸಿಂಪಡಿಸದೆ ಸೊಳ್ಳೆಗಳ ಸಂತಾನವನ್ನು ತಗ್ಗಿಸುವ ಪ್ರಯತ್ನ ನಡೆಯಿತು. ಹಳ್ಳಿಯ ಬಾವಿಯಲ್ಲಿ ಕಾವಲುಗಾರನಾದ ಮೀನೇ ಪಟ್ಟಣದ ಗಾಜಿನ ತೊಟ್ಟಿಯಲ್ಲಿ ನಾಟಕದ ವೇಷಧಾರಿ.

ಆದರೆ ವೇಷವೆಲ್ಲ ಗಂಡಿಗೆ. ಗಂಡು ಗಪ್ಪಿ ಮೂರು ಸೆಂಟಿಮೀಟರಿನಷ್ಟೇ ಇದ್ದರೂ ಅದರ ಮೈಮೇಲೆ ಕಿತ್ತಳೆಯ ಬೊಟ್ಟುಗಳು, ಕಪ್ಪು ಮಚ್ಚೆಗಳು, ನವಿಲಿನ ಕುತ್ತಿಗೆಯ ಹೊಳಪು, ಬೀಸಣಿಗೆಯಂಥ ಬಾಲ. ಹೆಣ್ಣು ಅದಕ್ಕಿಂತ ದೊಡ್ಡದು; ಬಣ್ಣ ಬೂದಿಯದು. ಗಂಗಾ ಬ್ರಹ್ಮಪುತ್ರಾ ಬಯಲಿನ ನೀರುಗಳಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಕುಬ್ಜ ಗೌರಾಮಿಯಲ್ಲಿಯೂ ಹೀಗೆಯೇ: ಗಂಡಿನ ಮೈಯಲ್ಲಿ ಕೆಂಪು ನೀಲಿಗಳ ಓರೆಪಟ್ಟೆ, ಹೆಣ್ಣಿಗೆ ಮಾಸಿದ ಬೆಳ್ಳಿ. ಆಫ್ರಿಕದ ಮಲಾವಿ ಸರೋವರದ ನವಿಲು ಸಿಕ್ಲಿಡ್ಡುಗಳಲ್ಲಿ ಗಂಡು ಕೂಡ ಹಲವು ತಿಂಗಳು ಬೆಳೆದ ಮೇಲೆಯೇ ನೀಲಿ ಹಳದಿಗಳನ್ನು ತಳೆಯುತ್ತದೆ. ಒಂದೇ ತೊಟ್ಟಿಯಲ್ಲಿ ಹಲವು ಗಂಡುಗಳಿದ್ದರೆ ದೊರೆತನ ನಡೆಸುವ ಗಂಡು ಮಾತ್ರ ಪೂರ್ಣವರ್ಣದಲ್ಲಿ ಮೆರೆದು, ಸೋತವು ಮಂಕಾಗಿ ಮೂಲೆ ಸೇರುತ್ತವೆ.

ವ್ಯಾಪಾರಿಯ ಕಣ್ಣಿನಿಂದ ಇದನ್ನು ನೋಡಿದರೆ ಕಷ್ಟ ತಿಳಿಯುತ್ತದೆ. ಹುಟ್ಟಿದ ಮರಿಗಳಲ್ಲಿ ಸರಿಸುಮಾರು ಅರ್ಧ ಹೆಣ್ಣು. ಅವುಗಳಿಗೆ ಗಿರಾಕಿ ಕಡಿಮೆ. ಉಳಿದರ್ಧ ಗಂಡಾದರೂ ಬಣ್ಣ ಬರುವವರೆಗೆ ಮೇವು, ನೀರು, ಜಾಗ ಎಲ್ಲವನ್ನೂ ಕೊಟ್ಟು ಸಾಕಬೇಕು. ಎಲ್ಲ ಮರಿಗಳಿಗೂ ಬೇಗನೆ ಗಂಡಿನ ಬಣ್ಣ ಬಂದುಬಿಟ್ಟರೆ ನಷ್ಟವೇ ಲಾಭವಾಗುವುದಷ್ಟೆ? ಹಾರ್ಮೋನಿಗೆ ಬಾಗಿಲು ತೆರೆದದ್ದು ಈ ಲೆಕ್ಕಾಚಾರ.

ಚರ್ಮದೊಳಗಿನ ಬಣ್ಣದ ಕುಡಿಕೆಗಳು

ಮೀನಿನ ಬಣ್ಣವು ಬಟ್ಟೆಗೆ ಹಚ್ಚಿದ ಬಣ್ಣದಂತೆ ನಿಶ್ಚಲವಾದದ್ದಲ್ಲ. ಅದರ ಚರ್ಮದಲ್ಲಿ ಬಗೆಬಗೆಯ ವರ್ಣಕೋಶಗಳಿವೆ. ಕೆಲವಲ್ಲಿ ಕಪ್ಪು ಮೆಲನಿನ್ ಕಣಗಳು, ಕೆಲವಲ್ಲಿ ಹಳದಿ, ಕೆಲವಲ್ಲಿ ಕೆಂಪು. ಇನ್ನು ಕೆಲವಲ್ಲಿ ಬಣ್ಣವೇ ಇಲ್ಲ. ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಕನ್ನಡಿಯಂತೆ ಜೋಡಿಸಿಕೊಂಡು ಬೆಳಕನ್ನು ಪ್ರತಿಫಲಿಸುತ್ತವೆ. ನಿಯಾನ್ ಟೆಟ್ರಾ ಮೀನಿನ ನೀಲಿಪಟ್ಟೆ ಹೊಳೆಯುವುದು ಇಂಥ ಹರಳುಗಳಿಂದ. ಕಪ್ಪು ಕಣಗಳು ಕೋಶದ ತುಂಬ ಹರಡಿಕೊಂಡರೆ ಮೀನು ಕಪ್ಪೇರುತ್ತದೆ, ನಡುವಿಗೆ ಮುದುಡಿಕೊಂಡರೆ ತಿಳಿಯಾಗುತ್ತದೆ. ಹೆದರಿದ ಮೀನು ನೋಡನೋಡುತ್ತಿದ್ದಂತೆ ಬಿಳಿಚಿಕೊಳ್ಳುವುದು ಹೀಗೆಯೇ.

ಕೆಂಪು ಹಳದಿಗಳ ವಿಚಾರ ಬೇರೆ. ಈ ಬಣ್ಣಗಳಿಗೆ ಮುಖ್ಯ ಮೂಲವಾದ ಕೆರೋಟಿನಾಯ್ಡುಗಳನ್ನು ಮೀನು ಸ್ವಂತವಾಗಿ ತಯಾರಿಸಲಾರದು. ಪಾಚಿಯಿಂದಲೋ, ಪಾಚಿಯನ್ನು ತಿಂದ ಸಣ್ಣ ಸೀಗಡಿಗಳಿಂದಲೋ ಪಡೆಯಬೇಕು. ಸಾಲ್ಮನ್ ಮೀನಿನ ಮಾಂಸ ನಸುಗೆಂಪಾಗಿರುವುದು ಅದು ತಿಂದ ಸೀಗಡಿಯಂಥ ಜೀವಿಗಳಲ್ಲಿದ್ದ ಅಸ್ಟಾಜಾಂಥಿನ್ ಎಂಬ ಕೆರೋಟಿನಾಯ್ಡಿನಿಂದ. ಆದುದರಿಂದ ಕೆಂಪಗಿರುವ ಮೀನು ಎಂದರೆ ಚೆನ್ನಾಗಿ ಉಂಡ ಮೀನು.

ಹೀಗೆ ಮೀನಿನ ಬಣ್ಣಕ್ಕೆ ಮೂರು ಮಂದಿ ಕಾರಣಕರ್ತರು. ಯಾವ ಬಣ್ಣ, ಯಾವ ಜಾಗದಲ್ಲಿ ಎಂಬುದನ್ನು ಅನುವಂಶ ತೀರ್ಮಾನಿಸುತ್ತದೆ. ಸಾಮಗ್ರಿಯನ್ನು ಆಹಾರ ಒದಗಿಸುತ್ತದೆ. ಯಾವಾಗ ತೋರಿಸಬೇಕು, ಎಷ್ಟು ತೋರಿಸಬೇಕು ಎಂಬ ಅಪ್ಪಣೆಯನ್ನು ಹಾರ್ಮೋನು ಕೊಡುತ್ತದೆ.

ಹುಂಜದ ಜುಟ್ಟಿನಿಂದ ಆರಂಭವಾದ ಕಥೆ

ಅಪ್ಪಣೆ ಕೊಡುವ ಈ ಅದೃಶ್ಯ ಅಧಿಕಾರಿಯ ಸುಳಿವು ಮನುಷ್ಯನಿಗೆ ಸಿಕ್ಕಿದ್ದು ಕೋಳಿಯ ಹಟ್ಟಿಯಲ್ಲಿ. 1849ರಲ್ಲಿ ಜರ್ಮನಿಯ ಗಟಿಂಗೆನ್ನಿನ ಆರ್ನಾಲ್ಡ್ ಬರ್ಟ್‌ಹೋಲ್ಡ್ ಎಂಬ ವೈದ್ಯನು ಆರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದನು. ಎರಡನ್ನು ಹಾಗೆಯೇ ಬಿಟ್ಟನು. ಉಳಿದ ನಾಲ್ಕರ ಹೊಟ್ಟೆಯೊಳಗೆ ಒಂದೊಂದು ವೃಷಣವನ್ನು ಕಸಿಮಾಡಿದನು. ಮೊದಲಿನೆರಡರ ಜುಟ್ಟು ಕುಗ್ಗಿತು, ಕೂಗು ಅಡಗಿತು, ಜಗಳದ ಉತ್ಸಾಹ ಇಳಿಯಿತು. ಉಳಿದ ನಾಲ್ಕು ಕೆಂಪು ಜುಟ್ಟು ಹೊತ್ತು ಬೆಳಗಾಗುತ್ತಲೇ ಕೂಗಿದುವು. ಕಸಿಮಾಡಿದ ಅಂಗಕ್ಕೆ ಹಳೆಯ ನರಸಂಬಂಧವಿಲ್ಲದಿದ್ದರೂ ಕೆಲಸ ನಡೆದಿತ್ತು. ಆದಕಾರಣ ಸಂದೇಶವು ರಕ್ತದ ಮೂಲಕವೇ ಹರಿದಿರಬೇಕೆಂದು ಅವನು ಊಹಿಸಿದನು.

ಇಂಥ ಸಂದೇಶವಾಹಕ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದನು. 1935ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅರ್ನ್‌ಸ್ಟ್ ಲಾಕ್ವೆರ್‌ನ ತಂಡವು ಸುಮಾರು 100 ಕಿಲೋಗ್ರಾಂ ಹೋರಿಯ ವೃಷಣಗಳನ್ನು ಅರೆದು ಸೋಸಿ 10 ಮಿಲಿಗ್ರಾಂ ಶುದ್ಧ ಟೆಸ್ಟೋಸ್ಟೆರೋನನ್ನು ಪಡೆಯಿತು. ಅದೇ ವರ್ಷ ಅಡಾಲ್ಫ್ ಬುಟೆನಾಂಟ್, ಲಿಯೋಪೋಲ್ಡ್ ರುಜಿಚ್ಕಾ ಇಬ್ಬರೂ ಬೇರೆಬೇರೆಯಾಗಿ ಅದನ್ನು ಕೊಲೆಸ್ಟೆರಾಲಿನಿಂದ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಈ ಇಬ್ಬರಿಗೂ ಹಂಚಿಕೆಯಾಯಿತು. ಬಾಯಿಂದ ನುಂಗಿದ ಟೆಸ್ಟೋಸ್ಟೆರೋನು ಯಕೃತ್ತಿನಲ್ಲಿ ಬೇಗನೆ ನಾಶವಾಗುತ್ತದೆ. ಅದಕ್ಕೊಂದು ಸಣ್ಣ ಮೀಥೈಲ್ ಕೊಂಡಿಯನ್ನು ಸೇರಿಸಿದರೆ ಯಕೃತ್ತನ್ನು ದಾಟಿ ಉಳಿಯುತ್ತದೆ. ಹೀಗೆ ಹುಟ್ಟಿದ ಮೀಥೈಲ್ ಟೆಸ್ಟೋಸ್ಟೆರೋನ್ ಎಂಬುದೇ ಮುಂದೆ ಮೀನಿನ ಮೇವಿನೊಳಗೆ ಪ್ರವೇಶ ಪಡೆದ ಔಷಧ.

ಮೀನುಗಳಲ್ಲಿ ಗಂಡಿನ ಮುಖ್ಯ ಹಾರ್ಮೋನು ಟೆಸ್ಟೋಸ್ಟೆರೋನಿನ ದಾಯಾದಿಯಾದ ಹನ್ನೊಂದು ಕೀಟೋಟೆಸ್ಟೋಸ್ಟೆರೋನ್. ಸಂತಾನದ ಕಾಲದಲ್ಲಿ ಇದು ರಕ್ತದಲ್ಲಿ ಏರಿದಂತೆ ಯೂರೋಪಿನ ಮುಳ್ಳುಮೀನಿನ ಗಂಡು ಹೊಟ್ಟೆಯಡಿಯಲ್ಲಿ ಕೆಂಡದ ಬಣ್ಣ ತಳೆಯುತ್ತದೆ, ಗೂಡು ಕಟ್ಟುತ್ತದೆ, ಕಾವಲು ನಿಲ್ಲುತ್ತದೆ. ಬಣ್ಣವೂ ಗುಣವೂ ಒಂದೇ ಅಪ್ಪಣೆಯ ಎರಡು ಫಲಗಳು.

ಹೆಣ್ಣಿನೊಳಗೆ ಅಡಗಿದ್ದ ಬಣ್ಣ

ಹೆಣ್ಣು ಗಪ್ಪಿ ಬೂದುಬಣ್ಣದ್ದಾದರೂ ಬಣ್ಣದ ಬೀಜ ಅದರೊಳಗೆ ಇಲ್ಲವೆಂದಲ್ಲ. 1920ರ ದಶಕದಲ್ಲಿ ಡೆನ್ಮಾರ್ಕಿನ ಓಯ್‌ವಿಂಡ್ ವಿಂಗೆ ಗಪ್ಪಿಗಳನ್ನು ತಲೆಮಾರುಗಟ್ಟಲೆ ಸಾಕಿ ನೋಡಿದನು. ಕೆಲವು ಗುರುತುಗಳು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತಿದ್ದುವು. ಇನ್ನು ಕೆಲವನ್ನು ತಾಯಿಯು ತಾನು ತೋರಿಸದೆ ಹೊತ್ತುಕೊಂಡು ಬಂದು ಮಗನ ಮೈಮೇಲೆ ಅರಳಿಸುತ್ತಿದ್ದಳು. ಹೆಣ್ಣಿಗೆ ಗಂಡಿನ ಹಾರ್ಮೋನನ್ನು ಕೊಟ್ಟರೆ ಈ ಗುಪ್ತಬಣ್ಣ ಅವಳ ಮೈಮೇಲೆಯೇ ಬರೆದಂತೆ ಮೂಡುತ್ತದೆ. ತಳಿಶಾಸ್ತ್ರವನ್ನು ಅಭ್ಯಸಿಸುವವರಿಗೆ ಇದೊಂದು ಉಪಕಾರ: ತಾಯಿಯು ಹೊತ್ತಿರುವ ಗುಣವನ್ನು ಮಕ್ಕಳು ಹುಟ್ಟುವ ಮೊದಲೇ ಓದಬಹುದು.

ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದ ತೋಕಿಯೋ ಯಾಮಾಮೋತೋ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ಗದ್ದೆಯ ನೀರಿನಲ್ಲಿ ವಾಸಿಸುವ ಮೆಡಾಕಾ ಎಂಬ ಪುಟ್ಟ ಮೀನಿನಲ್ಲಿ ಅವನು ವಿಶೇಷವಾದೊಂದು ತಳಿಯನ್ನು ಬಳಸಿದನು. ಅದರಲ್ಲಿ ಗಂಡೆಲ್ಲ ಕಿತ್ತಳೆಗೆಂಪು, ಹೆಣ್ಣೆಲ್ಲ ಬಿಳಿ. ಕೆಂಪಿನ ಜೀನು ಗಂಡಿನ ವರ್ಣತಂತುವಿನ ಮೇಲೆಯೇ ಕುಳಿತಿತ್ತು. 1953ರಲ್ಲಿ ಅವನು ಹೆಣ್ಣಿನ ಹಾರ್ಮೋನಿನಿಂದ ಗಂಡುಮರಿಗಳನ್ನು ಮೊಟ್ಟೆಯಿಡುವ ಹೆಣ್ಣುಗಳಾಗಿಸಿದನು. 1958ರಲ್ಲಿ ಮೀಥೈಲ್ ಟೆಸ್ಟೋಸ್ಟೆರೋನಿನಿಂದ ಹೆಣ್ಣುಮರಿಗಳನ್ನು ಗಂಡುಗಳಾಗಿಸಿದನು. ಆದರೆ ಬಣ್ಣವೇನಾಯಿತು? ಹೆಣ್ಣಾದ ಗಂಡು ಕೆಂಪಾಗಿಯೇ ಉಳಿಯಿತು. ಗಂಡಾದ ಹೆಣ್ಣು ಬಿಳಿಯಾಗಿಯೇ ಉಳಿಯಿತು. ಮೈಯಲ್ಲಿ ಬೀಜವಿಲ್ಲದ ಬಣ್ಣವನ್ನು ಯಾವ ಹಾರ್ಮೋನೂ ಸೃಷ್ಟಿಸಲಾರದು. ಇದ್ದದ್ದನ್ನು ಹೊರಗೆ ಎಳೆಯಬಲ್ಲುದು, ಅಕಾಲದಲ್ಲಿ ಎಳೆಯಬಲ್ಲುದು, ಅಷ್ಟೆ.

ಪ್ರಯೋಗಶಾಲೆಯಿಂದ ಸಂತೆಗೆ

ಶಾಸ್ತ್ರಜ್ಞನ ಮೇಜಿನ ಮೇಲಿದ್ದ ಸಾಧನ ವ್ಯಾಪಾರಿಯ ಕೈಗೆ ಬರಲು ತಡವಾಗಲಿಲ್ಲ. ಊಟಕ್ಕಾಗಿ ಸಾಕುವ ತಿಲಾಪಿಯಾ ಮೀನಿನಲ್ಲಿ ಗಂಡು ಬೇಗನೆ ಬೆಳೆಯುತ್ತದೆಂದು, ಆಗತಾನೆ ಈಜತೊಡಗಿದ ಮರಿಗಳಿಗೆ ಒಂದು ಕಿಲೋಗ್ರಾಂ ಮೇವಿಗೆ 60 ಮಿಲಿಗ್ರಾಮಿನಂತೆ ಈ ಔಷಧವನ್ನು ಮೂರು ನಾಲ್ಕು ವಾರ ತಿನ್ನಿಸುವ ಪದ್ಧತಿ ಹಲವು ದೇಶಗಳಲ್ಲಿ ಬೇರೂರಿದೆ. ಅಲಂಕಾರದ ಮೀನುಗಳಲ್ಲಿ ಇದೇ ಔಷಧದ ಗುರಿ ಬೇರೆ. ಅಲ್ಲಿ ಬೇಕಾದದ್ದು ಬೆಳವಣಿಗೆಯಲ್ಲ, ಅಂಗಡಿಯ ದೀಪದಡಿಯಲ್ಲಿ ಕಣ್ಣು ಕೋರೈಸುವ ಮೈ. ನಾಲ್ಕು ಸೆಂಟಿಮೀಟರಿನ ಸಿಕ್ಲಿಡ್ ಮರಿಗಳ ತೊಟ್ಟಿಯೊಂದರಲ್ಲಿ ಪ್ರತಿಯೊಂದು ಮರಿಯೂ ಪ್ರೌಢ ಗಂಡಿನ ಬಣ್ಣದಲ್ಲಿ ಬೆಳಗುತ್ತಿದ್ದರೆ ಅನುಭವಿಗಳಾದ ಹವ್ಯಾಸಿಗಳು ಸಂತೋಷಪಡುವುದಿಲ್ಲ, ಸಂಶಯಪಡುತ್ತಾರೆ.

ಕೊಂಡುಹೋದವರ ಮನೆಯಲ್ಲಿ ಮುಂದೇನಾಗುತ್ತದೆ? ಮೇವಿನಲ್ಲಿದ್ದ ಔಷಧ ನಿಂತಮೇಲೆ ಬಣ್ಣವು ಮಾಸತೊಡಗುತ್ತದೆ. ನಿಜವಾಗಿ ಗಂಡಾಗಿದ್ದರೆ ಪ್ರಾಯಕ್ಕೆ ಬಂದಾಗ ಅದು ಮತ್ತೆ ಬರಬಹುದು; ಹೆಣ್ಣಾಗಿದ್ದರೆ ಕ್ರಮೇಣ ಬೂದಿಗೆ ಇಳಿಯುತ್ತದೆ. ಮನೆಯವರು ನೀರಿನಲ್ಲಿ ದೋಷ ಹುಡುಕುತ್ತಾರೆ, ಮೇವು ಬದಲಾಯಿಸುತ್ತಾರೆ, ಔಷಧಿ ಹಾಕುತ್ತಾರೆ. ಮೀನಿಗೆ ಬಂದದ್ದು ರೋಗವಲ್ಲ. ತೀರಿದ್ದು ಸಾಲದ ಅವಧಿ.

ಸಾಲ ತೀರಿಸುವವರು ಯಾರು?

ಗಪ್ಪಿಯಲ್ಲಿ ಮೊದಲು ತೆರುವವಳು ಹೆಣ್ಣು. ಗಂಡು ಗಪ್ಪಿಯ ಗುದದ ರೆಕ್ಕೆಯು ಸಂಗಮಕ್ಕೆ ತಕ್ಕಂತೆ ಕಡ್ಡಿಯಾಗಿ ಮಾರ್ಪಟ್ಟಿರುತ್ತದೆ. ಹಾರ್ಮೋನು ತಿಂದ ಹೆಣ್ಣಿನಲ್ಲಿಯೂ ಈ ರೆಕ್ಕೆ ಉದ್ದವಾಗಿ ಬೆಳೆಯತೊಡಗುತ್ತದೆ. ಅಂಡಾಶಯದ ಕೆಲಸ ಕೆಡುತ್ತದೆ. ನಾಲ್ಕು ವಾರಕ್ಕೊಮ್ಮೆ ಮರಿಹಾಕಬೇಕಾದ ತಾಯಿ ಬಂಜೆಯಾಗಿ ಉಳಿಯುವುದುಂಟು. ಎಳೆಯ ಗಂಡಿಗೂ ಲಾಭವಿಲ್ಲ. ಗಂಡು ಗಪ್ಪಿಯ ಬೆಳವಣಿಗೆಯು ಪ್ರಾಯ ಬರುತ್ತಲೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆದುದರಿಂದ ಅಕಾಲದಲ್ಲಿ ಪ್ರಾಯಕ್ಕೆ ತಂದ ಗಂಡು ಬಾಳೆಲ್ಲ ಕುಳ್ಳ. ಪ್ರಮಾಣ ಮೀರಿದರೆ ಫಲ ತಲೆಕೆಳಗೂ ಆಗಬಹುದು: ಮೀನಿನ ದೇಹವು ಹೆಚ್ಚಾದ ಗಂಡುಹಾರ್ಮೋನನ್ನು ಹೆಣ್ಣುಹಾರ್ಮೋನಾಗಿ ಮಾರ್ಪಡಿಸಿಬಿಡುವುದರಿಂದ ಗಂಡಾಗಿಸಹೊರಟ ಮರಿಗಳು ಹೆಣ್ಣಾದ ಉದಾಹರಣೆಗಳಿವೆ.

ಎರಡನೆಯದಾಗಿ ತೆರುವವನು ಕೆಲಸಗಾರ. ಈ ಔಷಧವು ಮನುಷ್ಯನ ದೇಹದಲ್ಲಿಯೂ ಕೆಲಸ ಮಾಡತಕ್ಕದ್ದೇ. ಅದರ ಪುಡಿಯನ್ನು ಮದ್ಯಸಾರದಲ್ಲಿ ಕರಗಿಸಿ ಮೇವಿಗೆ ಬೆರೆಸುವಾಗ ಕೈಗವಸು, ಮುಖಗವಸುಗಳಿಲ್ಲದಿದ್ದರೆ ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಸೇರಬಹುದು. ಗರ್ಭಿಣಿಯರು ಇದರ ಹತ್ತಿರವೂ ಸುಳಿಯಬಾರದು.

ಮೂರನೆಯದಾಗಿ ತೆರುವುದು ನೀರು. ತಿನ್ನದೆ ಉಳಿದ ಮೇವು, ಮೀನಿನ ಮಲಮೂತ್ರ ಎಲ್ಲವೂ ಕೊನೆಗೆ ಸೇರುವುದು ಕಾಲುವೆಗೆ, ಕೆರೆಗೆ. ತಿಲಾಪಿಯಾ ಕೊಳಗಳ ತಳದ ಕೆಸರಿನಲ್ಲಿ ಈ ಔಷಧ ಬಹುಕಾಲ ಉಳಿದಿರುವುದು ಕಂಡುಬಂದಿದೆ. ನೀರಿಗೆ ಸೇರಿದ ಗಂಡುಹಾರ್ಮೋನಿನಂಥ ವಸ್ತು ಏನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಫ್ಲಾರಿಡಾದ ಒಂದು ತೊರೆ ಸಾಕ್ಷಿ ನುಡಿಯಿತು. ಕಾಗದದ ಕಾರ್ಖಾನೆಯ ಕೊಳೆನೀರು ಬಂದು ಸೇರುತ್ತಿದ್ದ ಆ ತೊರೆಯಲ್ಲಿ ಹೆಣ್ಣು ಗ್ಯಾಂಬೂಸಿಯಾಗಳ ಗುದದ ರೆಕ್ಕೆಗಳು ಗಂಡಿನ ಕಡ್ಡಿಯಂತೆ ಉದ್ದವಾಗಿ ಬೆಳೆದದ್ದನ್ನು 1980ರಲ್ಲಿ ಶಾಸ್ತ್ರಜ್ಞರು ವರದಿಮಾಡಿದರು. ಅಲ್ಲಿ ಯಾರೂ ಬಣ್ಣಕ್ಕಾಗಿ ಮೇವು ಬೆರೆಸಿರಲಿಲ್ಲ. ಆದರೂ ಹೆಣ್ಣು ಹೆಣ್ಣಾಗಿ ಉಳಿಯಲಿಲ್ಲ.

ಸೂಜಿಯಿಂದ ಬಣ್ಣ ತುಂಬಿದ ಮೀನುಗಳೂ ಮಾರುಕಟ್ಟೆಯಲ್ಲಿ ಓಡಾಡಿದ್ದುಂಟು. ನಮ್ಮ ದೇಶದ ನೀರುಗಳಲ್ಲಿ ಸಿಗುವ, ಮೂಳೆ ಕಾಣುವಷ್ಟು ಪಾರದರ್ಶಕವಾದ ಗಾಜುಮೀನಿನ ಬೆನ್ನಿಗೆ ಬಣ್ಣವನ್ನು ಚುಚ್ಚಿ ಮಾರುತ್ತಿದ್ದುದನ್ನು ಖಂಡಿಸಿ ಇಂಗ್ಲೆಂಡಿನ ಹವ್ಯಾಸಿಗಳು 1990ರ ದಶಕದಲ್ಲಿ ದನಿಯೆತ್ತಿದರು. ಆ ಕ್ರೌರ್ಯ ಕಣ್ಣಿಗೆ ಕಾಣುವಂಥದು. ಹಾರ್ಮೋನು ಮಾಡುವ ಕೆಲಸ ಮೀನಿನ ಸ್ವಂತ ಬಣ್ಣದಲ್ಲಿಯೇ ನಡೆಯುವುದರಿಂದ ಕಾಣದೆ ಹೋಗುತ್ತದೆ.

ಬಣ್ಣವೆಂಬ ಮಾತು

ಪ್ರಕೃತಿಯಲ್ಲಿ ಮೀನಿನ ಬಣ್ಣ ನಮ್ಮ ಕಣ್ಣಿನ ತೃಪ್ತಿಗಾಗಿ ಹುಟ್ಟಿದ್ದಲ್ಲ. 1990ರಲ್ಲಿ ಮಾನ್‌ಫ್ರೆಡ್ ಮಿಲಿನ್ಸ್ಕಿ, ಥಿಯೋ ಬಾಕರ್ ಎಂಬಿಬ್ಬರು ಮುಳ್ಳುಮೀನಿನ ಹೆಣ್ಣುಗಳು ಹೆಚ್ಚು ಕೆಂಪಗಿರುವ ಗಂಡನ್ನೇ ಆರಿಸುವುದನ್ನು ತೋರಿಸಿದರು. ಗಂಡುಗಳಿಗೆ ಪರೋಪಜೀವಿಗಳನ್ನು ಅಂಟಿಸಿದಾಗ ಕೆಂಪು ಮಂಕಾಯಿತು. ಹೆಣ್ಣುಗಳು ಮುಖ ತಿರುಗಿಸಿದುವು. ಹಸುರು ದೀಪವನ್ನು ಹಾಕಿ ಕೆಂಪು ಕಾಣದಂತೆ ಮಾಡಿದಾಗ ಹೆಣ್ಣುಗಳಿಗೆ ಆಯ್ಕೆಯೇ ತೋಚಲಿಲ್ಲ. ಬಣ್ಣವು ಗಂಡಿನ ಆರೋಗ್ಯದ ಪ್ರಮಾಣಪತ್ರ. ಹೆಣ್ಣು ಅದರ ಪರೀಕ್ಷಕಿ.

ಆ ಪ್ರಮಾಣಪತ್ರಕ್ಕೆ ಕಾಡಿನಲ್ಲಿ ಬೆಲೆಯೂ ಉಂಟು. ಟ್ರಿನಿಡಾಡಿನ ಹೊಳೆಗಳಲ್ಲಿ ಗಪ್ಪಿಯನ್ನು ಅಭ್ಯಸಿಸಿದ ಜಾನ್ ಎಂಡ್ಲರ್, ದೊಡ್ಡ ಬೇಟೆಮೀನುಗಳಿರುವ ಕಡೆ ಗಂಡುಗಳು ಮಂಕಾಗಿರುವುದನ್ನೂ ಅಂಥ ಶತ್ರುಗಳಿಲ್ಲದ ಕಡೆ ವರ್ಣಮಯವಾಗಿರುವುದನ್ನೂ ಕಂಡನು. 1976ರಲ್ಲಿ ಅವನು ಶತ್ರುಗಳಿದ್ದ ಕಡೆಯ ಗಪ್ಪಿಗಳನ್ನು ತಂದು ಅಪಾಯ ಕಡಿಮೆಯಿದ್ದ ಒಂದು ಹಳ್ಳಕ್ಕೆ ಬಿಟ್ಟನು. ಎರಡು ವರ್ಷದೊಳಗೆ ಅವುಗಳ ಸಂತತಿಯ ಗಂಡುಗಳು ಹೆಚ್ಚು ಬಣ್ಣ ತಳೆದಿದ್ದುವು. ಪ್ರಾಣಭಯವೂ ಹೆಣ್ಣಿನ ಕಣ್ಣೂ ಎರಡು ಕಡೆಯಿಂದ ಜಗ್ಗಿ ರೂಪಿಸಿದ ಬಣ್ಣವದು. ಹಾರ್ಮೋನಿನ ತೊಟ್ಟಿಯಲ್ಲಿ ಪರೀಕ್ಷಕಿಗೇ ಅಭ್ಯರ್ಥಿಯ ವೇಷ ತೊಡಿಸಿದಂತಾಗುತ್ತದೆ. ಅಲ್ಲಿ ಆರಿಸುವವರೂ ಇಲ್ಲ, ಹುಟ್ಟುವವರೂ ಇಲ್ಲ.

ಕೊಳ್ಳುವವರಿಗೆ ಎರಡು ಮಾತು

ಮೀನು ಸಾಕುವ ಹವ್ಯಾಸ ನಿರಪರಾಧಿಯಾದ ಸಂತೋಷ. ಅದನ್ನು ಬಿಡಬೇಕಾದ ಅಗತ್ಯವಿಲ್ಲ. ಆದರೆ ಕೊಳ್ಳುವಾಗ ಬಣ್ಣಕ್ಕೆ ಮೊದಲು ಬದುಕನ್ನು ನೋಡುವುದು ಒಳ್ಳೆಯದು. ಒಂದೇ ತೊಟ್ಟಿಯ ಎಳೆಯ ಮೀನುಗಳೆಲ್ಲ ಒಂದೇ ಸಮನಾಗಿ ಗಂಡಿನ ಬಣ್ಣದಲ್ಲಿವೆಯೇ? ಒಂದಾದರೂ ಹೆಣ್ಣು ಕಾಣುತ್ತದೆಯೇ? ಗಪ್ಪಿಯಾದರೆ ದೊಡ್ಡ ಮೈಯ, ಗುಂಡು ಹೊಟ್ಟೆಯ ಮೀನಿಗೆ ಗಂಡಿನ ಬಣ್ಣ ಬಂದಿದೆಯೇ? ಹಾಗಿದ್ದರೆ ಅಂಗಡಿಯವರನ್ನು ಕೇಳಬೇಕು. ಸಾಧ್ಯವಾದರೆ ಸ್ವತಃ ಮರಿಮಾಡಿಸುವವರಿಂದ ಕೊಂಡು, ತಂದೆತಾಯಿ ಮೀನುಗಳನ್ನು ನೋಡಿಬರಬೇಕು.

ಮನೆಗೆ ತಂದಮೇಲೆ ಬಣ್ಣವನ್ನು ಹೆಚ್ಚಿಸುವ ಪ್ರಾಮಾಣಿಕವಾದ ಉಪಾಯಗಳು ಬೇಕಾದಷ್ಟಿವೆ. ಸೀಗಡಿಯ ಪುಡಿ, ಸ್ಪಿರುಲಿನಾ ಪಾಚಿ, ಕೆಂಪು ಮೆಣಸಿನ ಜಾತಿಯ ಬಣ್ಣ, ನಮ್ಮ ಚೆಂಡುಹೂವಿನ ದಳ ಇವುಗಳಲ್ಲೆಲ್ಲ ಕೆರೋಟಿನಾಯ್ಡುಗಳಿವೆ. ಇವುಗಳನ್ನು ಬೆರೆಸಿದ ಮೇವು ಕೆಂಪು ಹಳದಿಗಳನ್ನು ನಿಧಾನವಾಗಿ ಗಾಢಮಾಡುತ್ತದೆ. ತೊಟ್ಟಿಯ ತಳದಲ್ಲಿ ಬಿಳಿಯ ಕಲ್ಲಿನ ಬದಲು ಕಡುಬಣ್ಣದ ಮರಳು, ಅಡಗಲು ಗಿಡ, ಹದವಾದ ಬೆಳಕು, ಆಗಾಗ ಬದಲಾಯಿಸಿದ ನೀರು, ಇಕ್ಕಟ್ಟಿಲ್ಲದ ಜಾಗ ಇವಿಷ್ಟಿದ್ದರೆ ಹೆದರಿಕೆ ಹೋಗಿ ವರ್ಣಕೋಶಗಳು ತಾವಾಗಿ ಅರಳುತ್ತವೆ. ಎಳೆಯ ಹೊನ್ನಮೀನು ಮೊದಲು ಕಂಚಿನಂತೆ ಕಪ್ಪಗಿದ್ದು, ತಿಂಗಳುಗಳು ಕಳೆದಂತೆ ತಾನಾಗಿ ಬಂಗಾರವಾಗುತ್ತದೆ. ಅದನ್ನು ದಿನದಿನವೂ ನೋಡುವುದು ಮಕ್ಕಳಿಗೂ ದೊಡ್ಡವರಿಗೂ ಅಂಗಡಿಯಲ್ಲಿ ದೊರೆಯದ ಭಾಗ್ಯ.

ಗಪ್ಪಿಯ ಬೂದುಬಣ್ಣದ ತಾಯಿಯನ್ನು ಅಂಗಡಿಯ ಮೂಲೆಯ ತೊಟ್ಟಿಯಲ್ಲಿ ಕಂಡಾಗ ಅವಳನ್ನೂ ಒಂದು ಗಂಡಿನ ಜೊತೆಗೆ ಮನೆಗೆ ತರಬಹುದು. ಮುಂದಿನ ತಲೆಮಾರಿನ ಬಣ್ಣದಲ್ಲಿ ಅರ್ಧ ಪಾಲು ಅವಳ ಹೊಟ್ಟೆಯಲ್ಲಿದೆ. ಅದನ್ನು ತಿಂಗಳೊಪ್ಪತ್ತಿನಲ್ಲಿ ಅವಳೇ ತನ್ನ ಮರಿಗಳ ಮೈಮೇಲೆ ಕೊಡುತ್ತಾಳೆ.